ಮೂರು ದಾರಿ ಕೂಡುವಲ್ಲಿ ನನ್ನ ಮಂಡಿ

ನಮ್ಮ ಮನೆಯಲ್ಲಿ ನೋವುಪಡುವ ಸ್ವಾತಂತ್ರ್ಯ ನನಗಿಲ್ಲ. ಭುಜ ಹಿಡಿದಿದೆ ಎಂದಿದ್ದಕ್ಕೆ ನನ್ನ ಷಟಲ್ ಬ್ಯಾಟು ಸಜ್ಜದ ಮೇಲೇರಿತು. ಸೊಂಟ ಉಳುಕಿತು ಎಂದಿದ್ದಕ್ಕೆ ಸೈಕಲ್ಲು ಮಾರಾಟವಾಯಿತು. ನನ್ನ ಧರ್ಮಪತ್ನಿ ವೇಣಿಯ ವೈದ್ಯಶಾಸ್ತ್ರದಲ್ಲಿ ಸಕಲ ರೋಗಗಳಿಗೂ ಒಂದೇ ಮದ್ದು: "ಬಿಟ್ಬಿಡಿ." ಆದ್ದರಿಂದ ಬಲ ಮಂಡಿ ಮೊದಲ ಸಲ ನೊಂದ ಬೆಳಿಗ್ಗೆಯೇ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಪ್ರಾಣ ಹೋದರೂ ಬಾಯಿ ಬಿಡಬಾರದು.

ಕಾರಣವಿತ್ತು. ದಿನದಲ್ಲಿ ಬೆಳಗಿನ ಓಟದ ಹೊತ್ತು ಮಾತ್ರ ನನ್ನದು. ಮಿಕ್ಕದ್ದು ಮಹದೇವಪುರದ ಕಂಪನಿಯೊಂದರ ಕುರ್ಚಿಗೂ, ಫೋನಿಗೂ, ವೇಣಿಗೂ, ನಮ್ಮ ಜೊತೆಯಲ್ಲೇ ಇರುವ ಅವಳ ತಾಯಿ ಅಂಜನಮ್ಮನವರಿಗೂ ಹಂಚಿಹೋಗಿದೆ. (ನಮ್ಮ ಜೊತೆ ಅವರಿದ್ದಾರೆ ಎಂಬುದು ಬರೀ ಮಾತಿನ ರೂಢಿ. ನಮ್ಮ ಅಪಾರ್ಟ್‌ಮೆಂಟ್ ಎದ್ದಿರುವುದೇ ಅವರ ರಾಗಿ ಹೊಲದ ಮೇಲೆ. ಹೊಲದ ಬದಲಿಗೆ ಬಂದ ಫ್ಲಾಟಿನಲ್ಲಿ ಅವರ ಜೊತೆ ನಾವಿದ್ದೇವೆ. ಕಾರು ನಿಲ್ಲಿಸುವ ನೆಲಮಾಳಿಗೆಯ ಒಂದು ಮೂಲೆಗೆ ಅತ್ತೆ ಇಂದಿಗೂ ಕಾಲಿಡುವುದಿಲ್ಲ. ಅಲ್ಲಿ ಬಾವಿ ಇತ್ತಂತೆ. ಈಗ ಅಲ್ಲಿರುವುದು ನನ್ನ ಕಾರು.)

ಬೆಳಕು ಹರಿಯುವ ಮುನ್ನ ನಮ್ಮ ಊರು ಬೇರೆಯೇ ಒಂದು ಊರು. ಟೆಕ್ ಪಾರ್ಕಿನ ಗಾಜಿನ ಗೋಡೆಯೊಳಗೆ, ಯಾರೂ ಇಲ್ಲದ ಮಹಡಿಗಳಲ್ಲಿ ದೀಪಗಳು ಉರಿಯುತ್ತಿರುತ್ತವೆ. ಕೆರೆಯ ನೊರೆ ಗಾಳಿಗೆದ್ದು ಬಿಳಿಯ ಮುದ್ದೆಯಾಗಿ, ಯಾವ ಅವಸರವೂ ಇಲ್ಲದೆ ರಸ್ತೆ ದಾಟುತ್ತದೆ. ಮಂಜಿನಲ್ಲಿ ನನ್ನ ಉಸಿರು ನನಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಿರುತ್ತದೆ. ಆಗ ನಾನು ಯಾರ ಗಂಡನೂ ಅಲ್ಲ, ಯಾರ ಅಳಿಯನೂ ಅಲ್ಲ.

ಚಳಿಗಾಲದ ಹುರುಪಿನಲ್ಲಿ ಓಡುವ ದೂರವನ್ನು ಒಮ್ಮೆಲೇ ಎರಡರಷ್ಟು ಮಾಡಿದ್ದೆ. ಮಂಡಿಚಿಪ್ಪಿನ ಹಿಂದೆ ಯಾರೋ ಬೆರಳಿಟ್ಟು ಮೆಲ್ಲಗೆ ಒತ್ತಿದಂತಾಯಿತು. ಮೆಟ್ಟಿಲಿಳಿಯುವಾಗ ಆ ಬೆರಳು ಬಲವಾಗುತ್ತಿತ್ತು. ಮೀಟಿಂಗಿನಲ್ಲಿ ಬಹಳ ಹೊತ್ತು ಕೂತು ಎದ್ದರೆ ಅದಕ್ಕೆ ಉಗುರು ಬೆಳೆದಿರುತ್ತಿತ್ತು. ನಾನು ನಗುನಗುತ್ತಾ ಸಹಿಸಿದೆ.

ಅದಾದ ಕೆಲವೇ ದಿನಗಳಿಗೆ ಮೊದಲನೆಯ ನಿಂಬೆಹಣ್ಣು ಕಾಣಿಸಿತು.

ಕೆರೆ ಏರಿಯ ದಾರಿ, ಹಳೆಯ ಊರಿನ ಬೀದಿ, ಟೆಕ್ ಪಾರ್ಕಿನ ಹಿಂಬಾಗಿಲ ರಸ್ತೆ, ಈ ಮೂರೂ ಕೂಡುವ ಕಡೆ ನಟ್ಟನಡುವೆ ಅದು ಬಿದ್ದಿತ್ತು. ಎರಡು ಹೋಳು, ಎರಡಕ್ಕೂ ಕುಂಕುಮ. ಒಂದು ಪಕ್ಕಕ್ಕೆ ಬಾಯಿ ತೆರೆದ ಚರಂಡಿ, ಇನ್ನೊಂದು ಪಕ್ಕಕ್ಕೆ ನಿಂತ ನೀರಿನ ಟ್ಯಾಂಕರು. ನಾನು ವಿಚಾರವಾದಿ. ಹಾಗಾಗಿ ಹೆದರಲಿಲ್ಲ. ಶೂ ದುಬಾರಿಯದು ಎಂಬ ಶುದ್ಧ ವೈಜ್ಞಾನಿಕ ಕಾರಣಕ್ಕೆ ಹಾರಿ ದಾಟಿದೆ. ಬಲಗಾಲ ಮೇಲೆ ಧೊಪ್ಪೆಂದು ಇಳಿದೆ. ಹಿಂದಿನಿಂದ ಯಾರೋ 'ಕಟ್' ಎಂದು ಕಡ್ಡಿ ಮುರಿದ ಸದ್ದಾಯಿತು. ತಿರುಗಿದರೆ ಮಂಜು ಬಿಟ್ಟು ಏನೂ ಇರಲಿಲ್ಲ.

ಆಮೇಲೆ ನಿಂಬೆಹಣ್ಣು ಹೋಗಿ ಒಡೆದ ಬೂದುಗುಂಬಳ ಬಂತು. ಕುಂಬಳದ ಸುತ್ತ ಅರಿಶಿನದ ಅನ್ನ ಬಂತು. ಅದು ಅಗಲವಾದಷ್ಟೂ ನನ್ನ ನೆಗೆತ ಉದ್ದವಾಯಿತು, ಮಂಡಿಯೊಳಗಿನ ಉಗುರು ಆಳಕ್ಕಿಳಿಯಿತು. ಪ್ರತಿ ಸಲವೂ ಬೆನ್ನ ಹಿಂದೆ ಅದೇ 'ಕಟ್'.

ಒಂದು ಬೆಳಿಗ್ಗೆ ಅಲ್ಲಿ ಗೊಂಬೆ ಮಲಗಿತ್ತು.

ರಾಗಿ ಹಿಟ್ಟಿನ ಗೊಂಬೆ. ಗೇಣುದ್ದದ ಮನುಷ್ಯ. ಹೊಟ್ಟೆ ಕೊಂಚ ಮುಂದೆ ಬಂದಿತ್ತು, ನೆತ್ತಿ ಬೋಳಾಗಿತ್ತು. (ಹೋಲಿಕೆಯನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.) ಅದರ ಬಲ ಮಂಡಿಗೆ ಕೆಂಪು ದಾರ ಸುತ್ತಿ, ಗಂಟು ಹಾಕಲಾಗಿತ್ತು. ಈ ಲೋಕದಲ್ಲಿ ನನ್ನ ಮಂಡಿಯ ವಿಷಯ ಗೊತ್ತಿದ್ದದ್ದು ನನಗೊಬ್ಬನಿಗೇ.

ಮನೆಗೆ ಬಂದಾಗ ಅಂಜನಮ್ಮನವರು ಬಾಗಿಲಲ್ಲೇ ನಿಂತಿದ್ದರು.

"ಯಾಕಳಿಯಂದ್ರೆ, ಮುಖ ಇಂಗೆ ಬೆಳ್ಳಗಾಗದೆ?"

"ಚಳಿ ಅತ್ತೆ."

"ಕಾಲುಗೀಲು ನೋಯ್ತದಾ?"

"ಇಲ್ಲವೇ ಇಲ್ಲ!"

ವೇಣಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. "ರೀ, ನಿಜ ಹೇಳಿ. ಮಂಡಿ ಏನಾದ್ರೂ ನೋವಾ?"

"ನನ್ನ ಮಂಡಿಗೇನಾಗಿದೆ? ಕುದುರೆ ಮಂಡಿ!" ಎಂದು ಬಲಗಾಲಿನಿಂದ ನೆಲವನ್ನೊಮ್ಮೆ ಗುದ್ದಿ ತೋರಿಸಿದೆ. ಕಣ್ಣಲ್ಲಿ ನೀರು ಬಂತು. ತಾಯಿ ಮಗಳ ಮುಖ ನೋಡಿದರು, ಮಗಳು ತಾಯಿಯ ಮುಖ ನೋಡಿದಳು.

ಅಂದೇ ಆಫೀಸಿನಲ್ಲಿ ಯಾರದೋ ಬೀಳ್ಕೊಡುಗೆ ಊಟವಿದೆಯೆಂದು ಸುಳ್ಳು ಹೇಳಿ ವೈಟ್‌ಫೀಲ್ಡಿನ ಫಿಸಿಯೋಥೆರಪಿಸ್ಟ್ ರಕ್ಷಿತಾ ಅವರ ಬಳಿ ಹೋದೆ. ಅವರು ನನ್ನನ್ನು ಕಾರಿಡಾರಿನಲ್ಲಿ ಓಡಿಸಿದರು.

"ಓಟ ಚೆನ್ನಾಗೇ ಇದೆಯಲ್ಲ ಸಾರ್. ಮಧ್ಯೆ ಎಲ್ಲಾದ್ರೂ ಹಾರ್ತೀರಾ?"

ಬಾಗಿಲು ಹಾಕಿದೆಯೇ ನೋಡಿಕೊಂಡು ಎಲ್ಲ ಹೇಳಿದೆ. ಆಕೆ ನಗಲಿಲ್ಲ. ಟವೆಲೊಂದನ್ನು ನೆಲಕ್ಕೆ ಹಾಸಿ, "ಇದೇ ಕುಂಬಳಕಾಯಿ ಅನ್ಕೊಳ್ಳಿ" ಎಂದರು. ಹಾರಿದೆ. ಧೊಪ್. ಕಟ್!

"ಬಂತು! ಕೇಳಿಸ್ತಾ ಮೇಡಂ? ಇಲ್ಲಿಗೂ ಬಂತು!"

"ಯಾರೂ ಬಂದಿಲ್ಲ ಸಾರ್, ಅದು ನಿಮ್ಮ ಮಂಡಿ ಸದ್ದು. ಸದ್ದಿಗೆ ಹೆದರ್ಬೇಡಿ, ನೋವಿಗೆ ಗಮನ ಕೊಡಿ. ದಿನವಿಡೀ ಕೂತು ಕೂತು ತೊಡೆ, ಸೊಂಟದ ಪಕ್ಕದ ಸ್ನಾಯುಗಳು ಸೋತಿವೆ. ಭಾರ ಎಲ್ಲಾ ಚಿಪ್ಪಿನ ಮೇಲೆ ಬೀಳ್ತಿದೆ. ಅದರ ಮೇಲೆ ದೂರ ಒಮ್ಮೆಗೇ ಜಾಸ್ತಿ ಮಾಡಿದ್ರಿ. ಸಾಲದ್ದಕ್ಕೆ ದಿನಾ ಒಂಟಿಕಾಲಲ್ಲಿ ಧುಮುಕ್ತಿದ್ದೀರ."

"ಓಡೋದು... ಬಿಡ್ಬೇಕಾ?" ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ಯಾಕ್ ಬಿಡ್ಬೇಕು? ನೋವು ಜಾಸ್ತಿ ಆಗದಷ್ಟು ದೂರ ಮೆಲ್ಲಗೆ ಓಡಿ, ಹೆಜ್ಜೆ ಚಿಕ್ಕದಾಗಿರ್ಲಿ. ಪಕ್ಕಕ್ಕೆ ಮಲಗಿ ಕಾಲೆತ್ತೋದು, ಗೋಡೆಗೊರಗಿ ಅರ್ಧ ಕೂರೋದು, ಇವನ್ನ ತಪ್ಪಿಸ್ಬೇಡಿ. ಬಲ ಬಂದ ಹಾಗೆ ದೂರ ಜಾಸ್ತಿ ಮಾಡ್ಕೊಳ್ಳಿ. ಮಂಡಿ ಊದಿದ್ರೆ, ಕಾಲು ಮಡಚೋಕೆ ಬರದೆ ಸಿಕ್ಕಿಹಾಕ್ಕೊಂಡ್ರೆ ತಕ್ಷಣ ಬನ್ನಿ. ಹಾರೋದು ಮಾತ್ರ ಇವತ್ತಿಂದಲೇ ಬಂದ್."

ಆಕೆಯ ಕಾಲಿಗೆ ಬೀಳಬೇಕೆನ್ನಿಸಿತು. (ಮಂಡಿ ಬಗ್ಗಲಿಲ್ಲ.) ನನ್ನ ಬೆಳಗು ನನಗೆ ಉಳಿಯಿತು. ಇನ್ನು ಅದನ್ನು ಕಾಡುತ್ತಿರುವವರನ್ನು ಹಿಡಿಯುವುದೊಂದೇ ಬಾಕಿ.

ಮರುದಿನ ಇನ್ನೂ ಮುಂಚೆಯೇ ಹೋಗಿ, ಕೂಡುರಸ್ತೆಯ ಟ್ರಾನ್ಸ್‌ಫಾರ್ಮರಿನ ಹಿಂದೆ ಅಡಗಿ ನಿಂತೆ. 'ಅಪಾಯ' ಎಂಬ ಫಲಕದ ತಲೆಬುರುಡೆ ನನ್ನ ಕಿವಿಯ ಪಕ್ಕದಲ್ಲೇ ನಗುತ್ತಿತ್ತು. ಕೆರೆಯ ಕಡೆ ಯಾವುದೋ ಹಕ್ಕಿ ಕೂಗಿ, ಅರ್ಧಕ್ಕೇ ನಿಲ್ಲಿಸಿತು. ಆಗ ಮಂಜಿನೊಳಗಿಂದ ಎರಡು ಆಕೃತಿಗಳು ಬಂದವು. ತಲೆಯ ಮೇಲಿಂದ ಕಂಬಳಿ ಹೊದ್ದಿದ್ದವು, ಮುಖವಿರಲಿಲ್ಲ. ಒಂದು ಗಿಡ್ಡ, ಒಂದು ಉದ್ದ. ಉದ್ದನೆಯದು ಮಗುವನ್ನೆತ್ತಿಕೊಂಡಂತೆ ಏನನ್ನೋ ಎದೆಗವಚಿಕೊಂಡಿತ್ತು. ಗಿಡ್ಡನೆಯದು ಕರ್ಪೂರ ಹಚ್ಚಿತು. ಆ ಬೆಳಕಿನಲ್ಲಿ, ಬಾವಿಯಾಳದಿಂದ ಬಂದಂಥ ದನಿಯೊಂದು ಗುನುಗತೊಡಗಿತು:

"ಊರ್ ಕಣ್ಣು, ಕೇರಿ ಕಣ್ಣು, ಕೆರೆ ಮೇಲಿನ್ ಕಣ್ಣು... ನಮ್ಮ ಸಿದ್ದರಾಜೂನ ಬಲ ಮಂಡೀಗೆ ಅಮರ್ಕೊಂಡಿರೋದೆಲ್ಲ ಇಲ್ಲೇ ಇಳ್ಕೊಂಡು ಓಗ್ಲಿ..."

ಅದು ನನ್ನ ಅತ್ತೆಯ ದನಿ. ಕುಂಬಳಕಾಯಿಯನ್ನು ಎದೆಗವಚಿಕೊಂಡಿದ್ದವಳು ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿರುವ ನನ್ನ ಹೆಂಡತಿ.

ಟ್ರಾನ್ಸ್‌ಫಾರ್ಮರಿನ ತಣ್ಣನೆಯ ಕಂಬಕ್ಕೊರಗಿ ನಿಂತಿದ್ದ ನನಗೆ ಎಲ್ಲವೂ ಹೊಳೆಯಿತು. ನಾನು ಓಡಲು ಹೊರಟ ಮೇಲೆ, ತಿರುಗಿ ಬರುವಷ್ಟರಲ್ಲಿ, ನನ್ನ ನೋವಿಗೆಂದು ಅವರು ಇಲ್ಲಿ ದೃಷ್ಟಿ ತೆಗೆಯುತ್ತಿದ್ದರು. ತೆಗೆದಿಟ್ಟಿದ್ದನ್ನು ಹಾರಿ ಹಾರಿ ನಾನು ನೋವು ಹೆಚ್ಚಿಸಿಕೊಳ್ಳುತ್ತಿದ್ದೆ. ಹೆಚ್ಚಿದ ನೋವಿಗೆ ಅವರು ಇನ್ನೂ ದೊಡ್ಡ ಕುಂಬಳಕಾಯಿ ಹುಡುಕಿ ತರುತ್ತಿದ್ದರು. ಕೋಪ ಬರಬೇಕಿತ್ತು. ಬರಲಿಲ್ಲ. ಕುಂಬಳ ಒಡೆದು ಅವರಿಬ್ಬರೂ ಹೊರಟಾಗ ಈಚೆಗೆ ಬಂದು ಕೂಗಿದೆ:

"ವೇಣೀ... ಅತ್ತೇ..."

ಕೂಗಬಾರದಿತ್ತು. ದೃಷ್ಟಿ ತೆಗೆದು ಮೂರು ದಾರಿಯಲ್ಲಿ ಹಾಕಿದವರು ಮನೆ ಸೇರುವತನಕ ಹಿಂತಿರುಗಿ ನೋಡುವಂತಿಲ್ಲ, ಯಾರು ಕರೆದರೂ ಓಗೊಡುವಂತಿಲ್ಲ. ಹಿಂದೆ ಕುಂಟು ಹೆಜ್ಜೆಯ ಸದ್ದು, ಹೆಸರು ಹಿಡಿದು ಕರೆಯುವ ಒಡಕು ಧ್ವನಿ. ಎರಡೂ ಕಂಬಳಿಗಳು ಒಂದು ಕ್ಷಣ ಕಲ್ಲಾದವು. ಮರುಕ್ಷಣ ಓಡತೊಡಗಿದವು.

ನಾನೂ ಓಡಿದೆ. ವರ್ಷಗಟ್ಟಲೆ ಅಭ್ಯಾಸವಿದ್ದ ಓಟಗಾರನಾದ ನಾನು ಸೀರೆಯುಟ್ಟ ಅತ್ತೆಯ ಹಿಂದೆ ಬಿದ್ದೆ. ಗೇಟಿನಲ್ಲಿ ಸೆಕ್ಯುರಿಟಿ ಬಸಲಿಂಗ ಎದ್ದು ನಿಂತ. "ಯಾಕ್ರೀ ಸಾಹೇಬ್ರ, ಮುಂಜಾನಿ ಎದ್ದು ಅತ್ತೀ ಬೆನ್ನ ಹತ್ತೀರಲ್ರೀ!"

ಲಿಫ್ಟಿನ ಬಳಿ ತಲುಪುವಷ್ಟರಲ್ಲಿ ಬಾಗಿಲು ಮುಚ್ಚುತ್ತಿತ್ತು. ಒಳಗೆ, ಬಿಳಿ ದೀಪದ ಕೆಳಗೆ, ಅವರಿಬ್ಬರೂ ಹಿಂದಿನ ಗೋಡೆಗೆ ಮುಖ ಮಾಡಿ ಅಲುಗದೆ ನಿಂತಿದ್ದರು. ನನಗೆ ಕಂಡದ್ದು ಎರಡು ಬೆನ್ನುಗಳು ಮಾತ್ರ.

ಮೆಟ್ಟಿಲು ಹತ್ತಿದೆ. ಪ್ರತಿ ಮೆಟ್ಟಿಲಿಗೂ ಒಂದು 'ಕಟ್'. ಮನೆಯ ಮುಂದೆ ಕಾಲು ತೊಳೆದ ನೀರು ಇನ್ನೂ ಹರಿಯುತ್ತಿತ್ತು. ಬಾಗಿಲು ಬಡಿದೆ.

"ವೇಣಿ, ತೆಗಿ! ನಾನು, ಸಿದ್ದರಾಜು!"

"ತೆಗೀಬ್ಯಾಡ ಕಣೆ," ಒಳಗೆ ಅತ್ತೆ ಏದುಸಿರು ಬಿಡುತ್ತಿದ್ದರು. "ಅದೇ ಇದು. ಗೊತ್ತಿರೋರ್ ಗಂಟ್ಲಲ್ಲೇ ಕೂಗ್ತದೆ."

"ಅತ್ತೆ, ನಾನೇ!"

"ನಮ್ಮನೆಯೋರಾ?" ವೇಣಿಯ ಧ್ವನಿ. ಅದರಲ್ಲಿ ಭಯವಿತ್ತೋ ನಗುವಿತ್ತೋ ಇವತ್ತಿಗೂ ತಿಳಿಯದು. "ನೀವು ಕುಂಟ್ತಾ ಮೆಟ್ಟಿಲು ಹತ್ತಿದ್ದು ಕೇಳಿಸ್ತು. ನಮ್ಮನೆಯೋರಿಗೆ ಮಂಡಿನೋವೇ ಇಲ್ಲ. ಬಾಯಿಬಿಟ್ಟು ಕೇಳಿದ್ರೂ ಇಲ್ಲ ಅಂದಿದಾರೆ."

ಎದುರು ಮನೆಯ ಮಂಜುಶ್ರೀಯವರು ಹಲ್ಲುಜ್ಜುತ್ತಲೇ ಬಾಗಿಲು ತೆರೆದು ನೋಡಿದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ನೋವಿದೆ ಕಣೆ! ಕೂತರೆ ಏಳೋಕಾಗಲ್ಲ! ಹೇಳಿದ್ರೆ ಓಡೋದು ಬಿಡಿಸ್ತೀಯ ಅಂತ ಮುಚ್ಚಿಟ್ಟೆ. ಕದ್ದು ಹೋಗಿ ತೋರಿಸ್ಕೊಂಡು ಬಂದೆ. ನಿಮ್ಮ ಕುಂಬಳಕಾಯಿ ಹಾರೋಕೆ ಹೋಗೇ ಜಾಸ್ತಿ ಆಗಿರೋದು. ನನಗೆ ಭಯ ಆಗ್ತಿತ್ತು! ತಪ್ಪಾಯ್ತು!"

ಒಳಗೆ ಬಳೆಗಳ ಸದ್ದು ಬಾಗಿಲ ಹತ್ತಿರಕ್ಕೆ ಬಂತು.

"ಸೋಫಾದಿಂದ ಏಳುವಾಗ ಎರಡೂ ಕೈ ಊರ್ತೀರಲ್ಲ, ನಮಗೆ ಕಣ್ಣಿಲ್ವಾ?" ವೇಣಿಯ ದನಿ ಮೆತ್ತಗಾಗಿತ್ತು. "ಮೆಲ್ಲಗೆ ಓಡಿ ಅಂತಿದ್ದೆ ಅಷ್ಟೇ. ಹೇಳ್ಬಾರ್ದಿತ್ತಾ?"

ಚಿಲಕ ಅರ್ಧ ಸರಿಯಿತು.

"ತಡಿಯೇ!" ಅತ್ತೆಯ ಕೈ ಅದನ್ನು ಹಿಡಿಯಿತು. "ನಮ್ಮ ಅಳಿಯಂದ್ರು ಯಾವತ್ತಾದ್ರೂ ತಪ್ಪಾಯ್ತು ಅಂದವ್ರಾ? ಭಯ ಆಯ್ತು ಅಂದವ್ರಾ?"

ವೇಣಿ ಯೋಚಿಸಿದಳು. ಅವಳು ಯೋಚಿಸುವುದು ನನಗೆ ಕೇಳಿಸಿತು.

"ಇಲ್ಲಮ್ಮ. ಮದುವೆಯಾದಾಗಿಂದ ಒಂದ್ಸಲಾನೂ ಇಲ್ಲ."

"ಮತ್ತೆ?"

ಚಿಲಕ ಮೊದಲಿದ್ದ ಕಡೆಗೇ ಹೋಗಿ ಬಿತ್ತು. ಆಮೇಲೆ ಬಾಗಿಲ ಸಂದಿಗೆ ಬಾಯಿಟ್ಟು ಅತ್ತೆ, ಹಿಂದಿನವರೆಲ್ಲ ಹೊಸಿಲಾಚೆಯ ದೆವ್ವಕ್ಕೆ ಹೇಳುತ್ತಿದ್ದಂತೆಯೇ, ದೊಡ್ಡ ದನಿಯಲ್ಲಿ ಹೇಳಿದರು:

"ನಾಳೆ ಬಾ!"

ಮಂಜುಶ್ರೀಯವರು ನನ್ನ ಮುಖವನ್ನೂ ಕಾಲನ್ನೂ ಒಮ್ಮೆ ನೋಡಿ, ತಮ್ಮ ಬಾಗಿಲನ್ನೂ ಮೆಲ್ಲಗೆ ಹಾಕಿಕೊಂಡರು.