ಕ್ಲೌಡಿನಲ್ಲಿ ಸಿಕ್ಕಿಕೊಂಡ ಮುಹೂರ್ತ

ಮದ್ದೂರಿನ ಪೇಟೆ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಶಶಿಧರ ಆ ದಿನ ಕಂಪ್ಯೂಟರ್ ಹಾಕಿದವನೇ ಅದಕ್ಕೆ ಕೈ ಮುಗಿದ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಹೀಗಿತ್ತು: ‘ಹಳೆಯ ಎನ್‌ಕ್ರಿಪ್ಷನ್ ಬಳಸುವ ಸಂಪರ್ಕಗಳನ್ನು ಇಂದಿನಿಂದ ಸ್ವೀಕರಿಸುವುದಿಲ್ಲ.’

ಫೋಟೋಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಕೂಡಿಟ್ಟಿದ್ದ ಕ್ಲೌಡು ನಿಜವಾಗಿಯೂ ಕೈಕೊಟ್ಟಿತ್ತು! ಬೆಸಗರಹಳ್ಳಿಯ ನಾಗಮಣಿಯಮ್ಮ ಮಗಳ ಮದುವೆ ಫೋಟೋ ಕೇಳಲು ಬಂದಾಗಲೆಲ್ಲ ಅವನು ‘ಕ್ಲೌಡು ಓಪನ್ ಆಯ್ತಿಲ್ಲ’ ಎಂದು ಸುಳ್ಳು ಹೇಳಿ ಸಾಗಹಾಕುತ್ತಿದ್ದ. ಏಕೆಂದರೆ ತಾಳಿ ಕಟ್ಟುವ ಫೋಟೋ ಇರಲೇ ಇಲ್ಲ. ಹೆಣ್ಣಿನ ಮೇಕಪ್ಪು ಮುಗಿಯುವ ಲಕ್ಷಣ ಕಾಣದೆ ಈ ಪುಣ್ಯಾತ್ಮ ಇಡ್ಲಿ ತಿನ್ನಲು ಹೋಗಿದ್ದ. ಕೈ ತೊಳೆದು ಬರುವಷ್ಟರಲ್ಲಿ ಅಕ್ಷತೆಯೂ ಬಿದ್ದಾಗಿತ್ತು. ಸುದ್ದಿ ಹೊರಬಿದ್ದರೆ ಮದ್ದೂರು, ಮಳವಳ್ಳಿ, ಮಂಡ್ಯ ಎಲ್ಲೂ ಅವನನ್ನು ಮದುವೆಗೆ ಕರೆಯುವವರಿರುವುದಿಲ್ಲ.

ನಾಗಮಣಿಯಮ್ಮ ಬಂದೇಬಂದರು. ಶಶಿಧರ ಎದೆಯುಬ್ಬಿಸಿ ಪರದೆ ತೋರಿಸಿದ.

“ನೀವೇ ಓದ್ಕಳಿ ಅಮ್ಮಾ! ಇವತ್ತು ನಾನ್ ಏಳ್ತಿಲ್ಲ, ಅದೇ ಏಳ್ತಾ ಅದೆ!”

ನಾಗಮಣಿಯಮ್ಮನಿಗೆ ಸಿಟ್ಟು ಬರಲಿಲ್ಲ. “ಪಾಪ, ನೀನೇನ್ ಮಾಡೀಯ ಬುಡು. ಈ ಕೆಂಪಕ್ಸರದ್ದೇ ಒಂದ್ ಫೋಟೋ ಕೊಡು, ಬೀಗಿತ್ತಿಗೆ ತೋರುಸ್ತೀನಿ. ಓಯ್ತೀನಿ.”

ಎಂಥ ದೇವರಂಥ ಗಿರಾಕಿ ಎಂದು ಶಶಿಧರನ ಕಣ್ಣು ತುಂಬಿತು. ಅಷ್ಟರಲ್ಲಿ ಪಕ್ಕದ ಕಂಪ್ಯೂಟರ್ ರಿಪೇರಿ ಅಂಗಡಿಯ ನಾಸಿರ್ ಬಾಗಿಲಲ್ಲಿ ತಲೆ ಹಾಕಿ ಪರದೆ ಓದಿದ.

“ಅಷ್ಟೇಯಾ? ಲೇ ಸಸಿ, ನೀನ್ ಹಾಕಿರೋ ಬೀಗ ಹಳೇದು ಕಣ್ಲಾ. ಕಳ್ರು ಬೆರಳಲ್ಲೇ ತೆಗ್ದುಬುಡ್ತಾರೆ. ಅದ್ಕೇ ಕ್ಲೌಡ್‌ನೋರು ಹೊಸ ಬೀಗ ಕಡ್ಡಾಯ ಮಾಡವ್ರೆ. ಟಿಎಲ್‌ಎಸ್ ಅಂತ. ಒಂದ್ ಅಪ್‌ಡೇಟ್ ಕೊಟ್ರೆ ಎಲ್ಲಾ ಸರಿಹೋಯ್ತದೆ.”

“ಬ್ಯಾಡ ಕಣ್ಲಾ, ನಿಂಗ್ಯಾಕ್ ತೊಂದ್ರೆ!”

“ತೊಂದ್ರೆ ಏನ್ ಬಂತು? ಪಕ್ದಂಗ್ಡಿಯವ್ನಾಗಿ ಇಷ್ಟೂ ಮಾಡ್ದೆ ಇರಕ್ಕಾದದಾ?” ನಾಸಿರ್ ಕುರ್ಚಿ ಎಳೆದು ಕೂತೇಬಿಟ್ಟ.

ಶಶಿಧರ ಗೋಡೆಗೆ ಒರಗಿದಂತೆ ಮಾಡಿ ಮೊಣಕೈಯಲ್ಲಿ ಮೇನ್ ಸ್ವಿಚ್ ಆರಿಸಿದ. “ಥೂ, ಕರೆಂಟ್ ಓಯ್ತು!”

“ಯಾವ್ ಕರೆಂಟ್‌ಲಾ ಓಗಿರೋದು? ನನ್ ಮಿಕ್ಸಿ ತಿರುಗ್ತಾ ಅದೆ!” ಎದುರಿನ ಹೋಟೆಲಿನ ಯಶೋದಮ್ಮ ಚಟ್ನಿ ಕೈಯಲ್ಲೇ ಓಡಿ ಬಂದು ಸ್ವಿಚ್ ಹಾಕಿದರು. ನೆಟ್ ಇಲ್ಲ ಎಂದು ಅವನು ಗೊಣಗಿದ್ದೇ ತಡ, ತಮ್ಮ ಮೊಬೈಲನ್ನೇ ಕೊಟ್ಟರು. ಉಪಕಾರ ಮಾಡುವವರು ಪಟ್ಟು ಹಿಡಿದರೆ ಬಡಪಾಯಿ ಎಲ್ಲಿಗೆ ಹೋಗಬೇಕು?

“ನಂಗೆ ಬಸ್ಸು ತಪ್ಪೋಯ್ತದೆ,” ಎಂದು ನಾಗಮಣಿಯಮ್ಮ ಎದ್ದರು.

“ಬರಿಗೈಲಿ ಓಯ್ತೀರಾ? ಕೂತ್ಕಳಿ ಅಕ್ಕ, ಕಾಫಿ ತತ್ತೀನಿ,” ಯಶೋದಮ್ಮ ಅವರ ಭುಜ ಹಿಡಿದು ಕೂರಿಸಿದರು.

ಕಾಫಿ ಮುಗಿಯಿತು. ಅಪ್‌ಡೇಟೂ ಮುಗಿಯಿತು. “ಬಂತೂ!” ಎಂದು ನಾಸಿರ್ ಚಪ್ಪಾಳೆ ತಟ್ಟಿದ. ಶಶಿಧರನ ಮುಖ ಹರಳೆಣ್ಣೆ ಕುಡಿದಂತಾಯಿತು.

“ಮನೆ ಫೋಟೋ, ಮೊದ್ಲು ನಾನ್ ನೋಡ್ಬೇಕು. ನೀವಿಬ್ರೂ ಆಚೆ ನಡೀರಿ,” ಎಂದ ನಾಗಮಣಿಯಮ್ಮ ಬಾಗಿಲು ಹಾಕಿದರು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಶಶಿಧರ ಅವರ ಕಾಲಿಗೇ ಬಿದ್ದ. “ತಾಳಿ ಫೋಟೋ ಇಲ್ಲ ಅಮ್ಮಾ! ಆ ಟೈಮ್‌ನಲ್ಲಿ ನಾನು ಇಡ್ಲಿ ತಿಂತಿದ್ದೆ!”

“ಇಲ್ವಾ? ನಿಜ್ವಾಗ್ಲೂ ಇಲ್ವಾ?” ನಾಗಮಣಿಯಮ್ಮನ ಮುಖ ಅರಳಿತು. “ಅಯ್ಯೋ, ನಿನ್ ಹೊಟ್ಟೆ ತಣ್ಗಿರ್ಲಿ ಕಣಪ್ಪಾ!”

ಶಶಿಧರ ನೆಲದಲ್ಲೇ ಕೂತು ಪಿಳಿಪಿಳಿ ನೋಡಿದ.

“ನಮ್ ಬೀಗಿತ್ತಿ ವನಜಾ, ರಾಹುಕಾಲದಲ್ಲಿ ತಾಳಿ ಕಟ್ಸುದ್ರಿ ಅಂತ ದಿನಾ ನನ್ ಮಗ್ಳುನ್ನ ಅಂಗುಸ್ತಾಳೆ. ಟೈಮ್ ಸಮೇತ ಫೋಟೋ ಅದೆ, ತೋರುಸ್ತೀನಿ ತಡಿ ಅಂತ ಜಂಬ ಕೊಚ್ಚುಬುಟ್ಟೆ. ಆಮ್ಯಾಕೆ ಲೆಕ್ಕ ಆಕುದ್ರೆ ಅವ್ಳು ಏಳೋದೇ ನಿಜ! ಕ್ಲೌಡು ಕೆಟ್ಟದೆ ಅಂತ ನಿನ್ ಬಾಯಲ್ ಕೇಳಕ್ಕೇ ಬಸ್ಸತ್ತಿ ಬತ್ತಿದ್ದೆ ನಾನು.”

ಶಶಿಧರನಿಗೆ ಹೋದ ಜೀವ ಬಂದಂತಾಯಿತು. “ಅಂಗಾರೆ ಫೋಟೋನೇ ತೆಗ್ದಿಲ್ಲ ಅಂತ ಅವ್ರಿಗೆ ಏಳ್ಬುಡಣ.”

“ಬಾಯ್ಮುಚ್ಚು! ನಾನೇ ಅಳ್ಸಾಕ್ಸಿದೆ ಅಂತಾಳೆ. ನಾಳೆ ಅವ್ಳೇ ಇಲ್ಲಿಗೆ ಬತ್ತಾವ್ಳೆ. ಕ್ಲೌಡು ಕೆಟ್ಟೇ ಇರ್ಬೇಕು. ಇಲ್ದಿದ್ರೆ ನಿನ್ನ ಇಡ್ಲಿ ಕತೆ ಮಂಡ್ಯದ ಗಂಟ ಓಯ್ತದೆ, ತಿಳ್ಕೊ!”

ನಾಗಮಣಿಯಮ್ಮ ಬಾಗಿಲು ತೆರೆದರು. ಹೊರಗೆ ಯಶೋದಮ್ಮನ ಹೋಟೆಲಿನ ಮುಂದೆ ನಿಂತು ನಾಸಿರ್ ಇಡೀ ಬೀದಿಗೆ ಕೇಳುವಂತೆ ಸಾರುತ್ತಿದ್ದ:

“ನಮ್ ಸಸಿ ಕ್ಲೌಡು ಇನ್ಮ್ಯಾಕೆ ಯಾವತ್ತೂ ಕೆಡಾಕಿಲ್ಲ ಕಣ್ರಪ್ಪೋ! ನಂದು ಗ್ಯಾರಂಟಿ!”