ಗ್ಯಾಲನ್‌ಗೆ ನಲವತ್ತು ಮೈಲಿ

ನಮ್ಮವರು ಯಾರಾದರೂ ಕಾರು ಕೊಂಡರೆ ಅದರ ಬಣ್ಣ, ಬ್ರೇಕು, ವಯಸ್ಸು ಯಾವುದನ್ನೂ ವಿಚಾರಿಸುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಕೊಡುತ್ತೆ?" ಅಮೆರಿಕಕ್ಕೆ ಬಂದರೂ ಈ ಚಟ ಬಿಡುವುದಿಲ್ಲ. ಗ್ಯಾಸ್ ಬೆಲೆ, ಅಂದರೆ ಇಲ್ಲಿನ ಪೆಟ್ರೋಲ್ ಬೆಲೆ, ಗಗನಕ್ಕೇರಿದ್ದ ಆ ಬೇಸಿಗೆಯಲ್ಲಿ ನಾನೊಂದು ಹಳೆಯ ಸೆಡಾನ್ ಕೊಂಡೆ. ಸ್ಟರ್ಲಿಂಗ್ ಊರಿನ ನಮ್ಮ ಮನೆಯ ಮುಂದೆ ಚಕ್ರಗಳಡಿ ನಿಂಬೆಹಣ್ಣಿಟ್ಟು ಪೂಜೆ ಮಾಡುತ್ತಿದ್ದಾಗ ಪಕ್ಕದ ಮನೆಯ ಕಾಮತ್ ಅಂಕಲ್ ಕಾಫಿ ಲೋಟದ ಸಮೇತ ಹಾಜರಾದರು. ಅಂಕಲ್ ಮಂಗಳೂರಿನವರು, ರಿಟೈರಾದ ಡಾಕ್ಟರು. ಅವರದು ಲಾರಿಯಷ್ಟೇ ದೊಡ್ಡ ಎಸ್‌ಯುವಿ.

"ಎಷ್ಟು ಕೊಡ್ತದೆ ಮಾರಾಯ?"

"ನಲವತ್ತು, ಅಂಕಲ್!" ಎಂದುಬಿಟ್ಟೆ.

ಆ ಕಾರನ್ನು ನಾನು ಅಲ್ಲಿಯವರೆಗೆ ಓಡಿಸಿದ್ದು ಹಳೆಯ ಮಾಲೀಕನ ಮನೆಯಿಂದ ನಮ್ಮ ಮನೆಯವರೆಗೆ ಮಾತ್ರ!

"ನಲವತ್ತಾ? ಒಮ್ಮೆ ತೋರಿಸು ನೋಡುವ" ಎಂದು ಅಂಕಲ್ ನಕ್ಕರು. ಕಾರಿನ ಡ್ಯಾಶ್‌ಬೋರ್ಡ್ ತೋರಿಸುತ್ತಿದ್ದದ್ದು ಮೂವತ್ತೊಂದು. ನನ್ನ ಮಾನ ಒಂಬತ್ತು ಮೈಲಿ ಹಿಂದೆ ಬಿದ್ದಿತ್ತು.

ಗಣೇಶನ ಹಬ್ಬದ ಶನಿವಾರ ಆ ಮಾನವನ್ನು ಮರಳಿ ಪಡೆಯುವುದೆಂದು ತೀರ್ಮಾನಿಸಿದೆ. ಅಂದು ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಕನ್ನಡಿಗರ ಕಾರ್ಯಕ್ರಮ. ನನ್ನ ಹೆಂಡತಿ ವಾಣಿಯ ಪ್ರಾರ್ಥನೆಯಿಂದಲೇ ಶುರು. ವರ್ಷಗಟ್ಟಲೆ ಗುಂಪಿನಲ್ಲಿ ಹಿಂದಿನ ಸಾಲಲ್ಲಿ ನಿಂತು ಹಾಡಿದವಳಿಗೆ ಮೊದಲ ಬಾರಿ ಮೈಕು ಒಬ್ಬಳಿಗೇ ಸಿಕ್ಕಿತ್ತು. ಬೇಸಿಗೆಯಿಡೀ ನಮ್ಮ ಮನೆಯಲ್ಲಿ ಒಗ್ಗರಣೆಯೂ ರಾಗವಾಗಿಯೇ ಸಿಡಿಯುತ್ತಿತ್ತು.

"ನಮ್ಮ ಗಾಡಿಯಲ್ಲೇ ಬನ್ನಿ, ಜಾಗ ಉಂಟು" ಎಂದು ಅಂಕಲ್ ಕರೆದರು.

"ಬೇಡ ಅಂಕಲ್, ನಿಮ್ಮದು ಗ್ಯಾಸ್ ಕುಡಿಯೋ ರಾಕ್ಷಸ" ಎಂದು ಹೇಳಿ ಬಂದೆ.

ಹಿಂದಿನ ಸಂಜೆ ಸಿದ್ಧತೆ ನಡೆಸಿದೆ. ಗಟ್ಟಿ ಟೈರು ಸಲೀಸಾಗಿ ಉರುಳುತ್ತದೆಂದು ಎಲ್ಲಕ್ಕೂ ಮಿತಿಮೀರಿ ಗಾಳಿ ತುಂಬಿಸಿದೆ. ಭಾರ ಕಡಿಮೆಯಾದಷ್ಟೂ ಲಾಭವೆಂದು ಡಿಕ್ಕಿ ಖಾಲಿ ಮಾಡಿದೆ. ಛತ್ರಿ ಹೋಯಿತು, ಮಡಚುವ ಕುರ್ಚಿ ಹೋಯಿತು, ಕೊನೆಗೆ ಜ್ಯಾಕು ಮತ್ತು ಸ್ಟೆಪ್ನಿ ಕೂಡ ಗರಾಜಿನ ಮೂಲೆ ಸೇರಿದವು.

ಬೆಳಿಗ್ಗೆ ವಾಣಿಯ ಕೈಯಲ್ಲಿದ್ದ ಕೋಸಂಬರಿ ಪಾತ್ರೆಯನ್ನು ನಾನು ಎತ್ತಿ ತೂಗಿ ನೋಡಿದಾಗ ಅವಳಿಗೆ ಅನುಮಾನ ಬಂತು.

"ಏನ್ರೀ, ಭಾರ ಆಗುತ್ತಾ? ನಾನೂ ನಡ್ಕೊಂಡೇ ಬರ್ಲಾ?"

ಕೋಸಂಬರಿ ಪಾತ್ರೆ ಮರುಮಾತಿಲ್ಲದೆ ಕಾರು ಹತ್ತಿತು.

ಮೈಲೇಜ್ ಮೀಟರನ್ನು ಸೊನ್ನೆಗೆ ತಂದು ಹೊರಟೆ. ಎ.ಸಿ. ಬಂದ್. ಕಿಟಕಿ ತೆರೆದರೆ ನುಗ್ಗುವ ಗಾಳಿ ಕಾರಿನ ಓಟ ತಡೆಯುತ್ತದೆ, ಆದ್ದರಿಂದ ಕಿಟಕಿಯೂ ಬಂದ್! ಬೆಂಗಳೂರಿನ ಅಭ್ಯಾಸದಂತೆ ಸಿಗ್ನಲ್ ಬಂದಲ್ಲೆಲ್ಲ ಎಂಜಿನ್ ಆಫ್ ಮಾಡಿದೆ. ಹಸಿರು ಬಂದಾಗ ಹಳೆಯ ಕಾರು ಕೆಮ್ಮುತ್ತಾ ಏಳುವಷ್ಟರಲ್ಲಿ ಹಿಂದಿನವರು ಹಾರ್ನ್ ಮಾಡಿದರು. ಇಲ್ಲಿ ಹಾರ್ನ್ ಮಾಡುವುದೆಂದರೆ ಬೈದ ಹಾಗೆ.

"ಅಪ್ಪಾ, ಇಟ್ಸ್ ಸೋ ಹಾಟ್! ಎ.ಸಿ. ಹಾಕು, ಪ್ಲೀಸ್!" ಎಂದಳು ಹಿಂದೆ ಕೂತ ಮಗಳು ಅನಿಕಾ.

"ನನ್ನ ರೇಷ್ಮೆ ಸೀರೆ ಇಡ್ಲಿ ಬಟ್ಟೆ ಥರ ಆಗಿದೆ. ಗಂಟಲು ಬೇರೆ ಒಣಗ್ತಿದೆ. ಟೈಮಿಗೆ ಹೋಗ್ತೀವಿ ತಾನೇ?" ಎಂದಳು ವಾಣಿ.

"ಮೂವತ್ತೊಂಬತ್ತು!" ಎಂದು ನಾನು ಕೂಗಿದೆ.

ಹೆದ್ದಾರಿಯಲ್ಲಿ ನಿಧಾನಿಗಳ ಬಲಗಡೆಯ ಲೇನಿನಲ್ಲಿ ಮೆರವಣಿಗೆಯಂತೆ ಹೋಗುತ್ತಿದ್ದೆವು. ಹಿಂದೆ ಬಂದ ಟ್ರಕ್ಕು ಹಡಗಿನಂತೆ ಕೂಗಿತು. ಪಾಪ, ಹೋಗಲಿ ಎಂದು ಇನ್ನೂ ಬಲಕ್ಕೆ ಸರಿದೆ. ಅಂಚಿನಲ್ಲೊಂದು ಗುಂಡಿಯಿತ್ತು. ಗಟ್ಟಿ ಟೈರು ಅದಕ್ಕೆ ಬಿತ್ತು. ಢಬ್!

ತೆವಳುತ್ತಾ ಎಕ್ಸಿಟ್ ತೆಗೆದುಕೊಂಡು ಒಂದು ಚರ್ಚಿನ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ನಿಲ್ಲಿಸಿದೆ.

"ಬೇಗ ಸ್ಪೇರ್ ಟೈರ್ ಹಾಕ್ರೀ" ಎಂದಳು ವಾಣಿ.

"ಮನೇಲಿದೆ."

"ಮನೇಲಿ ಯಾಕಿದೆ?"

"ಭಾರ ಅಂತ..."

ವಾಣಿ ಬಯ್ಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಆಚೆ ನೋಡಿದಳು. ನಾಚಿಕೆ ಬಿಟ್ಟು ಕಾಮತ್ ಅಂಕಲ್‌ಗೆ ಫೋನ್ ಮಾಡಿದೆ. ಅವರು ಆಗತಾನೇ ಮನೆ ಬಿಟ್ಟಿದ್ದರಂತೆ. ಆದರೂ ಎಷ್ಟು ಬೇಗ ಬಂದರು! ರಾಕ್ಷಸ ತಣ್ಣಗಿನ ಹೊಟ್ಟೆಯೊಳಗೆ ವಾಣಿಯನ್ನೂ ಅನಿಕಾಳನ್ನೂ ಕೋಸಂಬರಿಯನ್ನೂ ಸೇರಿಸಿಕೊಂಡಿತು.

"ಎಂತ ಮಾರಾಯ, ಟೈರನ್ನೂ ಉಪವಾಸ ಕೂರಿಸಿದ್ಯಾ?" ಎಂದಷ್ಟೇ ಹೇಳಿ ಅಂಕಲ್ ಹಾರಿಹೋದರು.

ಕೆಟ್ಟ ಕಾರನ್ನು ಹೊತ್ತೊಯ್ಯುವ ಟೋ ಟ್ರಕ್‌ಗೆ ಫೋನ್ ಮಾಡಿದರೆ, ಬರುವುದು ತಡವಾಗುತ್ತದೆಂದು ತಿಳಿಯಿತು. ಬಿಸಿಲಿನಲ್ಲಿ ಕಾರು, ಕಾರಿನಲ್ಲಿ ನಾನು, ಡ್ಯಾಶ್‌ಬೋರ್ಡಿನಲ್ಲಿ ಮೂವತ್ತೊಂಬತ್ತು. ಎಂಜಿನ್ ಆರಿಸಿ, ಆ ಅಂಕಿಯನ್ನು ಮನೆಯವರೆಗೆ ಜೋಪಾನ ಮಾಡುವುದೆಂದು ಕೂತೆ.

ಆಗ ಅನಿಕಾ ವಿಡಿಯೋ ಕಾಲ್ ಮಾಡಿದಳು. "ಅಪ್ಪಾ, ಅಮ್ಮ ಸ್ಟೇಜ್ ಮೇಲೆ!"

ವಾಣಿ ಮೈಕಿನ ಮುಂದೆ ನಿಂತಿದ್ದಳು. ಅದೇ ಹೊತ್ತಿಗೆ ಫೋನು ಬ್ಯಾಟರಿ ಮುಗಿಯಿತೆಂದು ಕೆಂಪಗೆ ಮಿನುಗಿತು. ಚಾರ್ಜ್ ಮಾಡಬೇಕಾದರೆ ಈ ಕಾರಿನಲ್ಲಿ ಎಂಜಿನ್ ಓಡಲೇಬೇಕು. ಮೂವತ್ತೊಂಬತ್ತನ್ನು ನೋಡಿದೆ. ವಾಣಿಯನ್ನು ನೋಡಿದೆ. ಕೀ ತಿರುಗಿಸಿದೆ. ಮರ್ಯಾದೆ ಹೇಗೂ ಹೋಯಿತೆಂದು ಎ.ಸಿ.ಯನ್ನೂ ಜೋರಾಗಿ ಹಾಕಿದೆ!

ಅವಳ ಧ್ವನಿ ಒಂದಿಷ್ಟೂ ನಡುಗಲಿಲ್ಲ. ಒಗ್ಗರಣೆಯ ಸದ್ದಿಲ್ಲದೆ ಆ ಹಾಡು ಅಷ್ಟು ಚೆನ್ನಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಒಬ್ಬನೇ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದೆ. ಆಮೇಲೆ ಮಕ್ಕಳ ನೃತ್ಯ, ಅಧ್ಯಕ್ಷರ ಭಾಷಣ ಎಲ್ಲವನ್ನೂ ತಣ್ಣಗೆ ಕೂತು ನೋಡಿದೆ. ನಿಂತಲ್ಲೇ ಗ್ಯಾಸ್ ಉರಿದು ಮೀಟರು ಮೂವತ್ತಕ್ಕೆ ಇಳಿಯಿತು, ಟ್ರಕ್ಕು ಬರುವಷ್ಟರಲ್ಲಿ ಇಪ್ಪತ್ತಮೂರಾಗಿತ್ತು.

ಮನೆಯ ಮುಂದೆ ನನ್ನ ಕಾರು ಟ್ರಕ್ಕಿನಿಂದ ಇಳಿಯುವ ಹೊತ್ತಿಗೇ ಅಂಕಲ್ ಕೂಡ ನಮ್ಮವರನ್ನು ಕರೆತಂದರು. ಬೀದಿಯವರೆಲ್ಲ ನೋಡುತ್ತಿದ್ದರು.

"ಕಡೆಗೆ ಎಷ್ಟು ಕೊಟ್ಟಿತು?" ಎಂದರು ಅಂಕಲ್.

"ಇಪ್ಪತ್ತಮೂರು" ಎಂದೆ ತಲೆ ತಗ್ಗಿಸಿ.

"ನಮ್ಮ ರಾಕ್ಷಸ ಇಪ್ಪತ್ತನಾಲ್ಕು ಕೊಟ್ಟಿತು ಮಾರಾಯ!"

ವಾಣಿ ನನಗೊಂದು ಮೋದಕ ಕೊಟ್ಟು, ನಗು ತಡೆಯಲಾರದೆ, "ಹೋಗೋವಾಗಿನ್ದು ಯಾಕೆ ಅಂಕಲ್? ಬರೋವಾಗ ನೋಡಿ, ಅಷ್ಟು ದೂರ ಒಂದು ಹನಿ ಗ್ಯಾಸೂ ಕುಡೀಲಿಲ್ಲ!" ಎಂದಳು.

ಈಗ ಯಾರೇ "ಎಷ್ಟು ಕೊಡುತ್ತೆ?" ಎಂದರೂ ಉತ್ತರ ಹೇಳುವವಳು ಅವಳೇ: "ಟ್ರಕ್ ಮೇಲೆ ಹತ್ತಿಸಿದ್ರೆ ತುಂಬಾ ಕೊಡುತ್ತೆ." ನಾನು ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯೇ ಎಂದು ನೋಡಿಕೊಳ್ಳುತ್ತೇನೆ.