ಮಾಮಾನ ಕಾಣದ ವಿಮಾನ

ನನ್ನ ಸೋದರಮಾವ ಕಳ್ಳರಲ್ಲ. ಆದರೆ ಕಣ್ಣು ತಪ್ಪಿಸಿ ಓಡಾಡುವುದರ ಬಗ್ಗೆ ಅವರಷ್ಟು ತಲೆ ಕೆಡಿಸಿಕೊಂಡ ಸಜ್ಜನರು ನಾಗಪುರದಲ್ಲಿ ಮತ್ತೊಬ್ಬರಿಲ್ಲ! ಊರಾಚೆಯ ಬುಟಿಬೋರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಅವರು ಪೈಲಟ್ ಇಲ್ಲದ ಬೇಹುಗಾರಿಕೆ ವಿಮಾನ ಕಟ್ಟುತ್ತಾರೆ. ಅದು ರಾಡಾರಿಗೆ ಕಾಣಬಾರದು, ಕಿವಿಗೆ ಕೇಳಬಾರದು. ಅಲ್ಲೇ ರಾಡಾರ್ ಪರದೆಯ ಮುಂದೆ ಕೂತು ಅದನ್ನು ಹುಡುಕುವುದು ನನ್ನ ಕೆಲಸ. ಬಚ್ಚಿಡುವವರೂ ಹುಡುಕುವವಳೂ ಒಂದೇ ಸ್ಕೂಟರಿನಲ್ಲಿ ಹೊರಡುವ ಮನೆ ನಮ್ಮದು.

ಸದ್ದಡಗಿಸುವ ಪ್ರಯೋಗ ಅಡುಗೆಮನೆಯಲ್ಲೇ ಶುರುವಾಯಿತು. ಮಾಮಾ ಮಿಕ್ಸಿಗೆ ರಜಾಯಿ ಸುತ್ತಿ ಗುಂಡಿ ತಿರುಗಿಸಿದರು.

"ಏನ್ರೀ, ಚಟ್ನಿ ರುಬ್ಬೂದನ್ನೂ ಶತ್ರುಗಳಿಂದ ಮುಚ್ಚಿಡಬೇಕೇನು?" ಎಂದರು ಧಾರವಾಡದ ಮಾಮಿ.

"ಅದಿರಲಿ, ಸದ್ದು ಕೇಳಸ್ತೈತೇನ ಹೇಳು?"

"ಇಲ್ಲರೀ. ಸುಟ್ಟ ವಾಸನಿ ಬರಾಕತ್ತೈತಿ!"

ಮಿಕ್ಸಿ ನಿಜಕ್ಕೂ ಮೌನವಾಗಿತ್ತು. ಶಾಶ್ವತವಾಗಿ.

ಮೊದಲ ಹಾರಾಟದ ದಿನ ವಿಮಾನ ಏರಿದ್ದೇ ತಡ, ಎಲ್ಲಿಂದಲೋ ಹದ್ದೊಂದು ಅದರ ಮೇಲೆರಗಿತು. ಮಾಮಾ ವಾಕಿಟಾಕಿಯಲ್ಲಿ "ಹದ್ದು! ಹದ್ದು!" ಎಂದು ಅರಚಿದರು. ಮೈದಾನದ ಆಚೆ ತುದಿಯಲ್ಲಿ ಕೂತು ರಿಮೋಟಿನಲ್ಲಿ ವಿಮಾನ ನಡೆಸುತ್ತಿದ್ದವಳು ನನ್ನ ಮರಾಠಿ ಸಹೋದ್ಯೋಗಿ. ಮರಾಠಿಯಲ್ಲಿ 'ಹದ್ದ' ಎಂದರೆ ಎಲ್ಲೆ, ಗಡಿ. ಗಡಿ ದಾಟಿದೆನೆಂದು ಹೆದರಿ ವಿಮಾನವನ್ನು ಗರಕ್ಕನೆ ತಿರುಗಿಸಿದಳು. ಹದ್ದಿನ ಉಗುರು ಕೂದಲೆಳೆಯಲ್ಲಿ ತಪ್ಪಿತು!

ಇಳಿಸಿದ ಮೇಲೆ ಬೆವರೊರೆಸಿಕೊಂಡು, "ಕಾಕಾ, ಹದ್ದ ಕುಠೇ ಆಹೇ?" ಅಂದಳು. ಗಡಿ ಎಲ್ಲಿದೆ ಎಂದು.

ಮಾಮಾ ಆಕಾಶ ತೋರಿಸಿದರು.

ಆದರೆ ಅಂದು ವಿಮಾನ ಕಂಡದ್ದು ಹದ್ದಿಗೆ ಮಾತ್ರವೇ? ನನ್ನ ಪರದೆಯ ಮೇಲೂ ಲಕಲಕ ಹೊಳೆದಿತ್ತು! ಮಾಲೀಕರು ಖಡಾಖಂಡಿತವಾಗಿ ಹೇಳಿಬಿಟ್ಟರು: ಇನ್ನೊಂದೇ ಸಲ, ಕಂಡರೆ ಕೆಲಸ ಬಂದ್. ಮಾಮಾ ಊಟ ಮರೆತು ರೆಕ್ಕೆಯ ಅಂಚುಗಳನ್ನೆಲ್ಲ ಹೊಸದಾಗಿ ಕೊರೆದರು.

ಕಳೆದ ವಾರ ಮತ್ತೆ ಹಾರಿಸಿದೆವು. ಪರದೆಯಲ್ಲಿ ಹೆದ್ದಾರಿಯ ಬಸ್ಸು ಕಂಡಿತು, ಕೊಕ್ಕರೆಗಳ ಹಿಂಡು ಕಂಡಿತು. ವಿಮಾನ? ಇಲ್ಲ. ಇಲ್ಲವೇ ಇಲ್ಲ! ದನಿಯೇರಿಸಿ ಮಾತಾಡದ ನಾನು ಕುರ್ಚಿ ಕೆಡವಿಕೊಂಡು ಹೊರಗೆ ಓಡಿದೆ. "ಮಾಮಾ, ಕಾಣವಲ್ದು! ಗೆದ್ದಿ ನೀನು!"

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಮಾಮಾ ಮಾತ್ರ ಹಣೆಗೆ ಕೈ ಅಡ್ಡ ಹಿಡಿದು ಬಿಸಿಲಲ್ಲಿ ನಿಂತಿದ್ದರು. ನನ್ನತ್ತ ತಿರುಗಲೂ ಇಲ್ಲ.

"ಭಾಳ ಹೊತ್ತಾತು ಪುಟ್ಟಿ, ಇನ್ನೂ ಬಂದಿಲ್ಲ. ನಿನ್ನ ಕಣ್ಣು ಚುರುಕ ಅದಾವ. ನೋಡವಾ, ಎಲ್ಲ್ಯರೆ ಕಾಣಸ್ತೈತೇನ..."

ನಾನೂ ಪಕ್ಕದಲ್ಲಿ ನಿಂತು ಕತ್ತೆತ್ತಿದೆ. ಕಡೆಗೂ ದೂರದಲ್ಲೊಂದು ಚುಕ್ಕೆ. ನಾನು ಬೆರಳೆತ್ತುವ ಮೊದಲೇ ಮಾಮಾ ಎರಡೂ ತೋಳು ಚಾಚಿ ಅತ್ತ ನಡೆಯತೊಡಗಿದ್ದರು.